ಹುಡುಕಿದ್ದಕ್ಕೂ ಕೂಲಿ ಇರಲಿ

ಹಾಸನದ ಕಡೆ ಗಾಡಿ ರಿಪೇರಿ ಮಾಡಿಸಿದರೆ ಬಿಲ್ಲಿನಲ್ಲಿ ಎರಡೇ ಬಾಬ್ತು. ಸಾಮಾನಿನ ದುಡ್ಡು, ಲೇಬರ್ ಚಾರ್ಜು. ನಾನಿರುವ ಜರ್ಮನಿಯಲ್ಲಿ ಮೂರನೇದು ಒಂದಿರುತ್ತದೆ: ತೊಂದರೆ ಎಲ್ಲಿದೆ ಅಂತ ಹುಡುಕಿದ ಹೊತ್ತಿಗೆ ಗಂಟೆ ಲೆಕ್ಕದ ಕೂಲಿ. ಒಂದು ನಟ್ಟೂ ಬದಲಾಯಿಸದೆ, ಬರೀ ಹುಡುಕಿದ್ದಕ್ಕೇ ಬಿಲ್ಲು ಬರುವುದೂ ಉಂಟು. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಹಳೇ ವ್ಯಾನುಗಳ ಮಟ್ಟಿಗೆ ನಮ್ಮೂರಿಗೂ ಅಲ್ಲಿಗೂ ಇರುವ ದೊಡ್ಡ ವ್ಯತ್ಯಾಸ ಆ ಒಂದು ಬಾಬ್ತಿನದೇ ಅಂತ ನನ್ನ ಅನಿಸಿಕೆ.

ರಜೆಗೆ ಬರುವ ನಮ್ಮಂಥವರು ಸಾಮಾನ್ಯವಾಗಿ ಹೇಳುವುದು ಬೇರೆ. ಅಲ್ಲಿ ಟೂಲ್ಸ್ ಚೆನ್ನಾಗಿವೆ, ಜನಕ್ಕೆ ಶಿಸ್ತಿದೆ, ಎಲ್ಲ ತಾವೇ ಮಾಡಿಕೊಳ್ಳುತ್ತಾರೆ ಅಂತ. ಪೂರ್ತಿ ನಂಬಬೇಡಿ. ಅಲ್ಲಿ ಹಳೇ ವ್ಯಾನ್ ಇಟ್ಟುಕೊಂಡವರು ಸ್ಪ್ಯಾನರ್ ಹಿಡಿಯುವುದು ಬಹಳ ಸಲ ಗ್ಯಾರೇಜಿನ ರೇಟಿಗೆ ಹೆದರಿ. ನಾನೂ ಅದೇ ಗುಂಪು. ನನ್ನದು ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್, 1990ರಿಂದ 2003ರವರೆಗೆ ತಯಾರಾದ ಟಿ4 ಮಾದರಿ. ಅದಕ್ಕೂ ಹಿಂದಿನ ಮಾದರಿಗಳಲ್ಲಿ ಇಂಜಿನ್ ಹಿಂಭಾಗದಲ್ಲಿತ್ತು, ಇದರಲ್ಲಿ ಮುಂದಕ್ಕೆ ಬಂತು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರಲ್ಲ, ಅದು ಕೆಳಗಿನ ತಗಡನ್ನೂ ಕನೆಕ್ಷನ್ನುಗಳನ್ನೂ ತಿನ್ನುತ್ತದೆ. ಹಾಗಾಗಿ ಒಂದಲ್ಲ ಒಂದು ರಗಳೆ ಇದ್ದೇ ಇರುತ್ತದೆ.

ರಗಳೆ ಇದೆ ಅಂತ ರಸ್ತೆ ಬದಿ ನಿಂತು ಆಯಿಲ್ ಬದಲಾಯಿಸುವ ಹಾಗಿಲ್ಲ. ಭಾನುವಾರ ಸುತ್ತಿಗೆ ಸದ್ದು ಕೇಳಿಸಿದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಹಳೇ ಆಯಿಲನ್ನು ಹೊಸದು ಮಾರಿದ ಅಂಗಡಿಯೇ ವಾಪಸ್ ತಗೋಬೇಕು ಅಂತ ಕಾನೂನಿದೆ. (ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದಿರಲಿ ಅಂತ ನಮ್ಮೂರಲ್ಲಿ ಅದನ್ನೇ ಬಳಿಯುತ್ತಾರೆ ಅಂದರೆ ಅಲ್ಲಿಯವರು ಬೆಚ್ಚಿಬೀಳುತ್ತಾರೆ.) ಅದಕ್ಕೇ ಲಿಫ್ಟು, ಟೂಲ್ಸ್ ಸಮೇತ ಗಂಟೆ ಬಾಡಿಗೆಗೆ ಸಿಗುವ ವರ್ಕ್‌ಶಾಪುಗಳಿವೆ. ಅಲ್ಲಿ ಗಾಡಿ ಮೇಲೆತ್ತಿದ ಕ್ಷಣದಿಂದ ಮೀಟರ್ ಓಡುತ್ತದೆ. ಬಿಚ್ಚಿ ನೋಡೋಣ, ಏನಾದ್ರೂ ಸಿಗಬಹುದು ಅನ್ನುವ ಆಟ ಅಲ್ಲಿ ನಡೆಯಲ್ಲ. ಏನು ಕೆಟ್ಟಿದೆ ಅಂತ ಮನೆಯಲ್ಲೇ ಪತ್ತೆ ಮಾಡಿಕೊಂಡು ಹೋಗಬೇಕು. ಗಂಟೆಗೆ ದುಡ್ಡು ಎಣಿಸುವಾಗ ತಲೆ ಮೊದಲು ಓಡುತ್ತದೆ, ಸ್ಪ್ಯಾನರ್ ಆಮೇಲೆ.

ಈಗ ನಮ್ಮ ಕಡೆಯ ವಿಷಯ. ಬೇಲೂರಿನ ಹತ್ತಿರ ಅಕ್ಕನ ಮನೆ. ಭಾವನ ಹತ್ತಿರ ಹಳೇ ಓಮ್ನಿ ಇದೆ. ಮಾರುತಿ ವ್ಯಾನ್ ಅಂತ 1984ರಲ್ಲಿ ಬಂದು, ಆಮೇಲೆ ಓಮ್ನಿ ಅಂತ ಹೆಸರಾಗಿ, 2019ರಲ್ಲಿ ನಿಂತುಹೋದ ಗಾಡಿ. 796 ಸಿಸಿಯ ಮೂರು ಸಿಲಿಂಡರ್ ಇಂಜಿನ್, ಅದೂ ಮುಂದಿನ ಸೀಟಿನ ಕೆಳಗೆ. ಕಾಫಿ ಮೂಟೆ, ಹಾಲಿನ ಕ್ಯಾನು, ತೋಟದ ಆಳುಗಳು, ಮದುವೆಗೆ ಹೊರಟ ಮನೆಮಂದಿ, ಎಲ್ಲಕ್ಕೂ ಅದೇ. ಮಲೆನಾಡಿನ ಎಸ್ಟೇಟ್ ರಸ್ತೆಗಳಲ್ಲಿ ಅವು ಇನ್ನೂ ಓಡಾಡುತ್ತಿವೆ, ಕಾರಣವಿಲ್ಲದೆ ಅಲ್ಲ. ಸೀಟೆತ್ತಿದರೆ ಇಂಜಿನ್ ಕೈಗೆ ಸಿಗುತ್ತದೆ. ನನ್ನ ವ್ಯಾನಿನಲ್ಲಿ ಆ ಸುಖ ಇಲ್ಲ.

ಈ ಓಮ್ನಿ ಬೆಳಿಗ್ಗೆ ಹೊತ್ತು ಸೆಲ್ಫ್ ಸರಿಯಾಗಿ ತಗೊಳ್ಳುತ್ತಿರಲಿಲ್ಲ. ಗುರ್ ಗುರ್ ಅಂತ ಎರಡು ಸುತ್ತು ಸುತ್ತಿ ನಿಲ್ಲುತ್ತಿತ್ತು. ಗ್ಯಾರೇಜಿನಲ್ಲಿ ಬ್ಯಾಟರಿ ಅಂದರು, ಹೊಸ ಬ್ಯಾಟರಿ ಬಂತು. ಕೆಲವು ದಿನ ಸರಿಹೋಯಿತು, ಮತ್ತೆ ಅದೇ ರಾಗ. ಸೆಲ್ಫ್ ಮೋಟರ್ ಅಂದರು. ಡೈನಮೊ ಅಂಗಡಿಯಲ್ಲಿ ಬಿಚ್ಚಿಸಿ ಕಾರ್ಬನ್ ಬ್ರಷ್ ಹಾಕಿಸಿದರು. ಆ ಕೆಲಸ ಅಚ್ಚುಕಟ್ಟಾಗಿತ್ತು, ಅದರಲ್ಲಿ ದೋಷ ಹೇಳುವ ಹಾಗಿಲ್ಲ. ಆದರೆ ಮಳೆ ಬಂದ ಮಾರನೇ ದಿನ ಓಮ್ನಿ ಮತ್ತೆ ತಳ್ಳು ಗಾಡಿ.

ನಾನು ವೋಲ್ಟೇಜು ಅಳೆಯುವ ಮಲ್ಟಿಮೀಟರ್ ತೆಗೆದೆ. ಭಾವ ನಕ್ಕರು. "ಡಾಕ್ಟ್ರು ನಾಡಿ ಹಿಡಿಯೋ ಹಂಗೆ ಹಿಡ್ಕೊಂಡಿದ್ದೀಯಲ್ಲಪ್ಪಾ."

ಗಾಡಿ ನಿಂತಿರುವಾಗ ಬ್ಯಾಟರಿ 12.6 ವೋಲ್ಟ್ ತೋರಿಸಿತು. ತುಂಬಿದ ಬ್ಯಾಟರಿ ಅಂದರೆ ಅಷ್ಟೇ. ಸೆಲ್ಫ್ ಹೊಡೆಯಿರಿ ಅಂದೆ. ಮೋಟರ್ ನರಳುತ್ತಿದೆ, ಆದರೂ ಬ್ಯಾಟರಿ 11ಕ್ಕಿಂತ ಮೇಲೇ ನಿಂತಿದೆ. ಸುಳಿವು ಸಿಕ್ಕಿದ್ದು ಇಲ್ಲಿ. ಬ್ಯಾಟರಿ ಸತ್ತಿದ್ದರೆ ಆ ಹೊತ್ತಿಗೆ ವೋಲ್ಟೇಜು ಧಪ್ ಅಂತ ಕುಸಿಯಬೇಕಿತ್ತು. ಕುಸಿಯದೇ ಮೋಟರ್ ನಿಧಾನ ತಿರುಗುತ್ತಿದೆ ಅಂದರೆ ಬ್ಯಾಟರಿಯಲ್ಲಿ ಶಕ್ತಿ ಇದೆ, ಅದು ಮೋಟರಿಗೆ ತಲುಪುತ್ತಿಲ್ಲ. ದಾರಿಯಲ್ಲಿ ಯಾರೋ ಅಡ್ಡ ನಿಂತಿದ್ದಾರೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಇಂಜಿನ್ ಬ್ಲಾಕಿಗೆ ಹಿಡಿದು ಮತ್ತೆ ಸೆಲ್ಫ್ ಹೊಡೆಸಿದೆ. ಅಲ್ಲಿ ಅರ್ಧ ವೋಲ್ಟೂ ಬರಬಾರದು. ಒಂದೂವರೆ ದಾಟಿತು. ಇಂಜಿನ್ನಿಗೂ ಬಾಡಿಗೂ ನಡುವೆ ಇರುವ, ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ಅರ್ಥ್ ಪಟ್ಟಿಯನ್ನು ಬಿಚ್ಚಿದರೆ ಬೋಲ್ಟಿನಡಿ ಪೂರ್ತಿ ಹಸಿರು ಕಿಲುಬು. ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೊಂದಿಷ್ಟು ವ್ಯಾಸಲೀನ್ ಸವರಿದ್ದಕ್ಕೆ ಗಾಡಿ ಒಂದೇ ಸೆಲ್ಫಿಗೆ ಹಿಡಿಯಿತು.

ಇದನ್ನು ಹೇಳಿ ಮೆಕ್ಯಾನಿಕ್ಕನ್ನು ಹೀಯಾಳಿಸುವ ಆಸೆ ನನಗಿಲ್ಲ. ಗಾಡಿ ತೋರಿಸಲು ಹೋದಾಗ ಆತ ಹೇಳಿದ ಮಾತು ನನ್ನ ಮಾತಿಗಿಂತ ಚೆನ್ನಾಗಿತ್ತು. "ಅರ್ಥ್ ಇರಬಹುದು ಅಂತ ನಂಗೂ ಅನ್ಸಿತ್ತು ಸಾರ್. ಆದ್ರೆ ನಿಮ್ ಭಾವ ಗಾಡಿ ಬಿಟ್ಟು ಹೋಗಲ್ಲ. ಪಕ್ಕದಲ್ಲೇ ನಿಂತ್ಕೊಂಡು ಬೇಗ ಮಾಡು ಅಂತಾರೆ. ವೈರು ಒರೆಸಿ ದುಡ್ಡು ಕೇಳಿದ್ರೆ, ಏನ್ ಹಾಕ್ದೆ ಅಂತ ಕೇಳಲ್ವಾ? ಬ್ಯಾಟ್ರಿ ಹಾಕಿದ್ರೆ ಯಾರೂ ಕೇಳಲ್ಲ."

ಅಲ್ಲಿಗೆ ಮುಗಿಯಿತು. ಗಿರಾಕಿ ದುಡ್ಡು ಕೊಡುವುದು ಕಣ್ಣಿಗೆ ಕಾಣುವ ಸಾಮಾನಿಗೆ. ಯೋಚನೆ ಪುಕ್ಕಟೆ. ಪುಕ್ಕಟೆ ಕೆಲಸವನ್ನು ಯಾರು ನಿಧಾನವಾಗಿ ಮಾಡುತ್ತಾರೆ ಹೇಳಿ. ಅದಕ್ಕೇ ಬ್ಯಾಟರಿ, ಪ್ಲಗ್ಗು, ಕಾಯಿಲ್ ಅಂತ ಎಲ್ಲ ಬದಲಾಗುತ್ತಾ ಹೋಗುತ್ತವೆ. ಕೊನೆಗೆ ಯಾವುದರಿಂದ ಸರಿಹೋಯಿತು ಅಂತ ಯಾರಿಗೂ ಗೊತ್ತಾಗಲ್ಲ. ಮೂರು ಸಾಮಾನು ಒಟ್ಟಿಗೆ ಬದಲಾಯಿಸಿದರೆ ಹೇಗೆ ತಾನೇ ಗೊತ್ತಾಗಬೇಕು?

ಮಾಲೀಕನೇ ಮಾಡಿಕೊಳ್ಳೋಣ ಅಂದರೆ ಅದಕ್ಕೂ ಅಡ್ಡಿ ಇದೆ. ಮನೆ ಮುಂದೆ ಗಾಡಿ ಕೆಳಗೆ ಮಲಗಿದರೆ ದಾರಿಯಲ್ಲಿ ಹೋಗುವವರೆಲ್ಲ ನಿಂತು "ಯಾಕೆ, ಮೆಕ್ಯಾನಿಕ್ ಸಿಗ್ಲಿಲ್ವಾ?" ಅಂತ ಕೇಳುತ್ತಾರೆ. ಕೈಗೆ ಗ್ರೀಸ್ ಮೆತ್ತಿಕೊಳ್ಳುವುದು ನಮ್ಮಲ್ಲಿ ಮಾಲೀಕನ ಕೆಲಸ ಅಲ್ಲ, ಗ್ಯಾರೇಜಿನ ಹುಡುಗನದು. ಈ ದೊಡ್ಡಸ್ತಿಕೆಗೆ ನಾವು ತೆರುವ ದುಡ್ಡು ಕಮ್ಮಿ ಏನಲ್ಲ.

ಹಾಗಂತ ಜರ್ಮನಿಯದ್ದೆಲ್ಲ ಬಂಗಾರವೂ ಅಲ್ಲ. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರ್ ಚಾರ್ಜ್ ಮಾಡದಿದ್ದರೆ ಅಲ್ಲಿ ಸಾಮಾನ್ಯವಾಗಿ ಇಡೀ ಆಲ್ಟರ್ನೇಟರನ್ನೇ ಬದಲಾಯಿಸುತ್ತಾರೆ. ಬ್ರಷ್ ಸವೆದಿದೆ, ಬೇರಿಂಗ್ ಹೋಗಿದೆ ಅಂತ ಬಿಚ್ಚಿ ಕೂರಿಸುವ ಕೈ ಹುಡುಕಿಕೊಂಡು ಹೋಗಬೇಕು. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಆದರೆ ಬೆಳಿಗ್ಗೆ ಕೊಟ್ಟರೆ ಸಂಜೆಗೆ ರೆಡಿ. ರೇಡಿಯೇಟರಿಗೆ ಬೆಸುಗೆ, ಲೇತ್ ಅಂಗಡಿಯಲ್ಲಿ ಒಂದು ಬುಷ್, ಇವೆಲ್ಲ ನನಗೆ ಅಲ್ಲಿ ಕನಸು. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಇಂಜಿನ್ನಿಗೆ ಇಟ್ಟು ಯಾವ ಬೇರಿಂಗ್ ಅಂತ ಹೇಳುವವರು ನಮ್ಮ ಗ್ಯಾರೇಜುಗಳಲ್ಲಿದ್ದಾರೆ. ಅಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿ ಕೋಡ್ ಓದುತ್ತಾರೆ. ಕೋಡ್ ಒಂದು ಸೆನ್ಸರಿನ ಹೆಸರು ಹೇಳಿತು ಅಂತ ಸೆನ್ಸರ್ ಬದಲಾಯಿಸುವವರು ಅಲ್ಲೂ ಬೇಕಾದಷ್ಟಿದ್ದಾರೆ. ಸೆನ್ಸರಿಗೆ ಹೋಗುವ ವೈರು ತುಂಡಾಗಿದ್ದರೂ ಕೋಡ್ ಹೇಳುವುದು ಅದೇ ಹೆಸರನ್ನೇ ಅಲ್ವಾ.

ಬಿಚ್ಚಿ ಸರಿಮಾಡುವ ಕೈ ನಮ್ಮ ಕಡೆ ಇದೆ. ಅದರಲ್ಲಿ ಜರ್ಮನಿಯಿಂದ ಕಲಿಯಬೇಕಾದ್ದು ಜಾಸ್ತಿ ಇಲ್ಲ. ತರಬೇಕಾದ್ದು ಹುಡುಕುವ ಅಭ್ಯಾಸ. ಒಂದೋ ಅದಕ್ಕೆ ದುಡ್ಡು ಕೊಡಿ, ಗಾಡಿ ಒಂದು ದಿನ ಬಿಟ್ಟು ಬನ್ನಿ. ಇಲ್ಲವೇ ಅಷ್ಟನ್ನು ಮನೆಯಲ್ಲೇ ಮಾಡಿ. ಜಾಕ್ ಮೇಲೆ ನಿಂತ ಗಾಡಿಯಡಿ ಮಾತ್ರ ನುಗ್ಗಬೇಡಿ, ಹುಡುಕುವುದಕ್ಕೆ ಬಹಳ ಸಲ ಅದು ಬೇಕಾಗುವುದೂ ಇಲ್ಲ.

ಉದಾಹರಣೆಗೆ ಇಂಜಿನ್ ಹೀಟು. ಹಳೇ ಗಾಡಿ ಹೀಟಾದರೆ ನಮ್ಮಲ್ಲಿ ಬರುವ ಮೊದಲ ಸಲಹೆ, "ಥರ್ಮೋಸ್ಟಾಟ್ ತೆಗ್ದು ಬಿಸಾಕಿ". 80 ಡಿಗ್ರಿ ದಾಟಿದ ಮೇಲೆ ತೆರೆದು ರೇಡಿಯೇಟರಿಗೆ ನೀರು ಬಿಡುವ ಸಣ್ಣ ಕವಾಟ ಅದು. ಬಯಲುಸೀಮೆಯ ಬಿಸಿಲಲ್ಲಿ ಅದಿಲ್ಲದೆಯೂ ಗಾಡಿ ಹೇಗೋ ಓಡೀತು. ಮೂಡಿಗೆರೆ, ಸಕಲೇಶಪುರದ ಚಳಿಯಲ್ಲಿ ಇಂಜಿನ್ ಬಿಸಿಯೇ ಏರಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಒಳಗಿನ ತೇವ ಆರದೆ ಆಯಿಲ್ ಮುಚ್ಚಳದಡಿ ಬೆಣ್ಣೆಯಂಥ ಬಿಳಿ ಪದರ ಕಟ್ಟುತ್ತದೆ. ಅದನ್ನು ನೋಡಿದ ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿ ಆಯಿಲಿಗೆ ನೀರು ಸೇರಿದೆ ಅನ್ನುತ್ತಾರೆ! ಗಾಬರಿ ಬೇಡ. ಒಂದು ವಾರ ಇಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟಕ್ಕೆ ಗುರುತು ಹಾಕಿ ನೋಡಿ. ನೀರು ಇಳಿಯುತ್ತಿಲ್ಲ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿಲ್ಲ ಅಂದರೆ ಹೆಡ್ ಬಿಚ್ಚಿಸಲು ಆತುರ ಬೇಡ. ಥರ್ಮೋಸ್ಟಾಟಿನ ಮೇಲೆ ಅನುಮಾನ ಇದ್ದರೆ ಅದನ್ನೇ ಪಾತ್ರೆಯ ನೀರಲ್ಲಿ ಕುದಿಸಿ ನೋಡಬಹುದು, ಕಣ್ಣೆದುರೇ ಬಾಯಿ ತೆರೆಯುತ್ತದೆ. ಅಕ್ಕನ ಅಡುಗೆಮನೆಯ ಪಾತ್ರೆ ಬೇಡ, ಹಳೇದೊಂದು ಇಟ್ಟುಕೊಳ್ಳಿ. ಇನ್ನು ರೇಡಿಯೇಟರ್ ಕ್ಯಾಪು. ಅದರ ಸ್ಪ್ರಿಂಗು ಒತ್ತಡ ಹಿಡಿದಿಟ್ಟರೆ ತಾನೇ ನೀರು 100 ಡಿಗ್ರಿ ದಾಟಿದರೂ ಕುದಿಯದೇ ಇರುವುದು. ಸಾವಿರ ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ಬಾಯಿ ತೆರೆದ ಪಾತ್ರೆಯ ನೀರು 97ರ ಸುಮಾರಿಗೇ ಕುದಿಯುತ್ತದೆ. ಅಗ್ಗದ ಸಾಮಾನು, ನೋಡುವವರು ಕಮ್ಮಿ.

ನನಗೆ ನಿಜವಾದ ಜಗಳ ಇರುವುದು ಬ್ರೇಕ್ ಆಯಿಲ್ ಮೇಲೆ. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಹೊಸ ಆಯಿಲ್ ಕುದಿಯುವುದು ಕನಿಷ್ಠ 205 ಡಿಗ್ರಿಗೆ. ತೇವ ಹೀರಿದ ಮೇಲೆ ಅದಕ್ಕಿರುವ ಮಿತಿ 140. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ತುಂಬಿದ ವ್ಯಾನನ್ನು ಬರೀ ಬ್ರೇಕಿನಲ್ಲೇ ಹಿಡಿದರೆ ಆ ಬಿಸಿ ಆಯಿಲಿಗೂ ತಲುಪುತ್ತದೆ. ಆಯಿಲ್ ಕುದ್ದು ಗುಳ್ಳೆ ಎದ್ದರೆ ಪೆಡಲ್ ಸೀದಾ ನೆಲಕ್ಕೆ. ಕೆಳಗಿಳಿದು ಗಾಡಿ ತಣ್ಣಗಾದ ಮೇಲೆ ಗ್ಯಾರೇಜಿನಲ್ಲಿ ತೋರಿಸಿದರೆ ಬ್ರೇಕ್ ಸರಿಯಾಗೇ ಇರುತ್ತದೆ. ಮೆಕ್ಯಾನಿಕ್ ಏನಂತ ಹುಡುಕಬೇಕು? ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ಮಳೆಗಾಲಕ್ಕೆ ಅದು ಜಾಸ್ತಿ ಅಂತೂ ಅಲ್ಲ. ಬ್ರೇಕ್ ಪೈಪಿನಿಂದ ಏರ್ ತೆಗೆಯುವ ಕೆಲಸ ಗ್ಯಾರೇಜಿಗೇ ಕೊಡಿ. ಹಾಕಿಸಿದ ತಾರೀಕನ್ನು ಮಾತ್ರ ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ನೀವೇ ಬರೆದಿಡಿ.

ಭಾವನಿಗೆ ಇದನ್ನೆಲ್ಲ ಹೇಳಿಯಾಗಿದೆ. ಅರ್ಥ್ ಪಟ್ಟಿಯ ಕಥೆಯನ್ನು ಅವರು ಈಗ ಊರಿಗೆಲ್ಲ ಹೇಳುತ್ತಾರೆ. ಮಲ್ಟಿಮೀಟರನ್ನೂ ಇಟ್ಟುಕೊಂಡಿದ್ದಾರೆ. ಬ್ರೇಕ್ ಆಯಿಲ್ ಮಾತ್ರ ಇನ್ನೂ ಬದಲಾಯಿಸಿಲ್ಲ. "ಟಾಪಪ್ ಮಾಡ್ಸಿದ್ದೀನಲ್ಲಪ್ಪಾ" ಅನ್ನುತ್ತಾರೆ.