ಬಸ್ಸು ಹುಡುಕಿ ಸಾಕಾಯ್ತು, ಒಂದು ಕನ್ನಡ ಪದ ಕೊಡಿ

ಈಗಷ್ಟೇ ಅಕ್ಕನ ಮಗನ ಪರೀಕ್ಷೆ ಅರ್ಜಿ ತುಂಬಿ ಎದ್ದೆ. ಹೆಸರು, ಊರು, ಫೋಟೋ, ಸಹಿ ಎಲ್ಲ ಆಯ್ತು. ಕೊನೆಗೆ ಬಂತು ನೋಡಿ ಕ್ಯಾಪ್ಚಾ ಅನ್ನೋ ಒಗಟು, ನೀವು ಯಂತ್ರ ಅಲ್ಲ, ಮನುಷ್ಯರು ಅಂತ ತೋರಿಸಿ ಅಂತ. ಒಂಬತ್ತು ಚೌಕ, ಅದರಲ್ಲಿ ಫೈರ್ ಹೈಡ್ರಂಟ್ ಎಲ್ಲೆಲ್ಲಿದೆ ಒತ್ತಬೇಕು. ಗದಗ-ಬೆಟಗೇರಿಯಲ್ಲಿ ಮನೆ ನಲ್ಲಿಗೆ ನೀರು ಯಾವಾಗ ಬರುತ್ತೆ ಅಂತ ಕಾಯೋ ನಮಗೆ, ಅಮೆರಿಕದ ರಸ್ತೆ ಬದಿಯ ನಲ್ಲಿಯ ಗುರುತು ಹಿಡಿಯೋ ಪರೀಕ್ಷೆ! ಅದು ಮುಗಿದರೆ ಬಸ್ಸು. ಬಸ್ಸು ಮುಗಿದರೆ ಸಿಗ್ನಲ್. "ಮಾಮಾ, ಲಗೂನ ಒತ್ರಿ, ಮತ್ತ ಮೊದಲಿಂದ ತುಂಬಬೇಕಾಗ್ತದ" ಅಂತ ಹುಡುಗನ ವರಾತ ಬೇರೆ.

ನನ್ನ ಹೊಟ್ಟೆಪಾಡು ನಿಮಗೆಲ್ಲ ಗೊತ್ತೇ ಇದೆ. ಪ್ರೆಸ್ಸಿನ ಮೂಲೆಯಲ್ಲಿ ಕೂತು ಪ್ರೂಫ್ ತಿದ್ದೋದು. ಅದಕ್ಕೇ ಈ ಒಗಟು ಕಂಡರೆ ನನಗೆ ಜಾಸ್ತಿ ಉರಿಯುತ್ತೆ. ಯಾಕಂದ್ರೆ ಒಂದು ಕಾಲಕ್ಕೆ ಇದು ಜಗತ್ತಿನ ಕೈಲಿ ಪ್ರೂಫ್ ನೋಡಿಸುತ್ತಿತ್ತು!

ಲೂಯಿಸ್ ಫಾನ್ ಆನ್ ಅಂತ ಗ್ವಾಟೆಮಾಲಾದ ಮನುಷ್ಯ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದವನು. ಆಗ ಈ ಒಗಟು ಅಂದ್ರೆ ಸೊಟ್ಟ ಅಕ್ಷರ ಓದಿ ಟೈಪ್ ಮಾಡೋದು. ಜನ ದಿನಕ್ಕೆ ಸುಮಾರು 20 ಕೋಟಿ ಸಲ ಹೀಗೆ ಟೈಪ್ ಮಾಡ್ತಾರೆ, ಸಲಕ್ಕೆ 10 ಸೆಕೆಂಡ್ ಹೋಗುತ್ತೆ, ಅಂದ್ರೆ ದಿನಕ್ಕೆ 5 ಲಕ್ಷ ಗಂಟೆ ದಂಡ ಅಂತ ಲೆಕ್ಕ ಹಾಕಿದ. 2007ರಲ್ಲಿ ಅವನ ತಂಡ ರೀಕ್ಯಾಪ್ಚಾ ಅನ್ನೋ ಹೊಸ ಬಗೆಯ ಒಗಟು ಶುರು ಮಾಡಿತು. ಎರಡು ಪದ ತೋರಿಸೋದು. ಒಂದರ ಉತ್ತರ ಕಂಪ್ಯೂಟರಿಗೆ ಗೊತ್ತು. ಇನ್ನೊಂದು, ಹಳೇ ಪುಟ ಸ್ಕ್ಯಾನ್ ಮಾಡಿದಾಗ ಅದಕ್ಕೆ ಓದಲಾಗದೆ ಉಳಿದದ್ದು. ಗೊತ್ತಿರೋದನ್ನ ಸರಿಯಾಗಿ ಬರೆದವನು ಇನ್ನೊಂದನ್ನೂ ಸರಿಯಾಗೇ ಓದಿರ್ತಾನೆ ಅಂತ ನಂಬಿಕೆ. ಅದೇ ಪದವನ್ನ ಬೇರೆ ಬೇರೆಯವರಿಗೂ ತೋರಿಸಿ, ಉತ್ತರ ಒಂದೇ ಬಂದರೆ ಆ ಪದ ಪಾಸು. ಯಾರು ಯಾರಿಗೂ ಗೊತ್ತಿಲ್ಲದೆ, ಲಾಗಿನ್ ಆಗೋ ನೆಪದಲ್ಲಿ, ಮೊದಲ ವರ್ಷದಲ್ಲೇ 44 ಕೋಟಿಗೂ ಹೆಚ್ಚು ಪದ ಓದಿ ಮುಗಿಸಿದರು. ತಪ್ಪು ನೂರಕ್ಕೆ ಒಂದೂ ಇಲ್ಲ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ 1851ರಿಂದ ಈಚೆಗಿನ ಹಳೇ ಸಂಚಿಕೆಗಳ ಪದಗಳೂ ಹೀಗೇ ತಿದ್ದಿಸಿಕೊಂಡವು. 2009ರಲ್ಲಿ ಗೂಗಲ್ ಇದನ್ನು ಕೊಂಡುಕೊಂಡಿತು. ಆಮೇಲೆ ಪದದ ಜಾಗಕ್ಕೆ ಮನೆ ನಂಬರಿನ ಫೋಟೋ ಬಂತು, ಈಗ ಬಸ್ಸು, ಸಿಗ್ನಲ್.

ನಮ್ಮ ಪುಸ್ತಕಗಳ ಕಥೆ ಏನು? ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಕೃಪೆಯಿಂದ ಸಾವಿರಾರು ಹಳೇ ಕನ್ನಡ ಪುಸ್ತಕ ಸ್ಕ್ಯಾನ್ ಆಗಿವೆ. ಬಹಳಷ್ಟು ಬರೀ ಫೋಟೋ. ಅವುಗಳ ಒಳಗೆ ಒಂದು ಪದ ಹುಡುಕಿ ನೋಡೋಣ, ಸಿಗಲ್ಲ. ಧಾರವಾಡದಲ್ಲಿ 1890ರಲ್ಲೇ ಕನ್ನಡಕ್ಕಾಗಿ ವಿದ್ಯಾವರ್ಧಕ ಸಂಘ ಕಟ್ಟಿದ ಜನ ನಾವು. ಈಗ ಹಳೇ ಪುಸ್ತಕಗಳನ್ನ ಹುಡುಕಬಹುದಾದ ಅಕ್ಷರಕ್ಕೆ ಇಳಿಸೋ ತಾಣ ಕನ್ನಡ ವಿಕಿಸೋರ್ಸಿನಲ್ಲಿ ಬೆರಳೆಣಿಕೆಯ ಪುಣ್ಯಾತ್ಮರು ಪುಟಪುಟ ಕೂತು ತಿದ್ದುತ್ತಿದ್ದಾರೆ. ಉಳಿದವರು ಬಸ್ಸು ಒತ್ತುತ್ತಿದ್ದೇವೆ.

ಬಸ್ಸಾದರೂ ಯಾವುದೋ ಕಂಪನಿಗೆ ಉಪಯೋಗ ಇರಬಹುದು ಅನ್ನಿ. ಕನ್ನಡಿಗರೇ ಹೋಗೋ ಜಾಲತಾಣಗಳಲ್ಲಿ ಇರುತ್ತಲ್ಲ, ಆರು ಸೊಟ್ಟ ಇಂಗ್ಲಿಷ್ ಅಕ್ಷರ, ಓ ಬರೆದರೆ ಸೊನ್ನೆ ಅನ್ನುತ್ತೆ, ಸೊನ್ನೆ ಬರೆದರೆ ಓ ಅನ್ನುತ್ತೆ, ಅದು ಯಾರ ಉದ್ಧಾರಕ್ಕೆ? ಆ ಜಾಗದಲ್ಲಿ ಹಳೇ ಪುಸ್ತಕದ ಎರಡು ಕನ್ನಡ ಪದ ಇಟ್ಟರೆ ಯಾರಪ್ಪನ ಗಂಟು ಹೋಗುತ್ತೆ? ಕನ್ನಡ ಬಾರದವರಿಗೆ ಪಕ್ಕದಲ್ಲೊಂದು ಇಂಗ್ಲಿಷ್ ಬಟನ್ ಇಡಿ, ಎಟಿಎಂನಲ್ಲಿ ಇಲ್ವಾ?

ಅರ್ಜಿ ಹುಡುಗ ಇದಕ್ಕೆ ನಕ್ಕ. "ಅದೆಲ್ಲಾ ಹಳೇದಾತು ಮಾಮಾ, ಈಗ ಮಷೀನೇ ಓದ್ತಾವ." ಹೌದಪ್ಪ, ಸೊಟ್ಟ ಇಂಗ್ಲಿಷ್ ಅಕ್ಷರವನ್ನ ತನ್ನ ಯಂತ್ರ ನೂರಕ್ಕೆ 99.8ರಷ್ಟು ಸರಿಯಾಗಿ ಓದುತ್ತೆ ಅಂತ 2014ರಲ್ಲಿ ಗೂಗಲೇ ಹೇಳಿದೆ. ಹಾಗಾದ್ರೆ ಆ ಬೀಗವನ್ನ ಇನ್ನೂ ಯಾಕೆ ಹಾಕಿಟ್ಟಿದ್ದೀರಿ? ಕನ್ನಡದ್ದು ಬೇರೆ ಮಾತು. ಮೊಳೆ ಜೋಡಿಸಿ ಅಚ್ಚು ಹಾಕಿದ ಒಂದು ಹಳೇ ಪುಟವನ್ನ ಅವನ ಮೊಬೈಲಿಗೇ ಕೊಟ್ಟೆ. ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹೋಯ್ತು. ಅನುಸ್ವಾರ ಸೊನ್ನೆಯಾಯ್ತು. ಪ ಹೋಗಿ ವ ಆಯ್ತು. ಮಸಿ ಹರಡಿದ ಕಡೆ ಒತ್ತಕ್ಷರಗಳ ಗತಿ ಕೇಳಬೇಡಿ. ಹುಡುಗ ಮೊಬೈಲ್ ಕಿಸೆಗೆ ಹಾಕಿ ಚಹಾ ಕುಡಿಯಲು ಹೋದ. ಇಂಥ ಪುಟ ಓದಿದವನನ್ನ ಮನುಷ್ಯ ಅಂತ ಒಪ್ಪಲು ಇನ್ನೇನು ಬೇಕು, ಹೇಳಿ?

ಪುಕ್ಕಟೆ ದುಡಿಸಿಕೊಳ್ತಾರೆ ಅಂತ ನನಗೆ ತಕರಾರಿಲ್ಲ. ನಿಜ ಹೇಳ್ತೀನಿ, ಆ ಸೊಟ್ಟ ಇಂಗ್ಲಿಷ್ ಪದಗಳ ಕಾಲದಲ್ಲಿ ನನಗೆ ಸುಮ್ನೆ ಖುಷಿಯಾಗುತ್ತಿತ್ತು, ಯಾವುದೋ ಪುಸ್ತಕಕ್ಕೆ ನಾನೂ ಒಂದು ಪದ ತಿದ್ದಿದೆ ಅಂತ. ಪುಕ್ಕಟೆಯೇ ಆಗಲಿ, ನಮ್ಮ ಪುಸ್ತಕಕ್ಕೆ ಆಗಲಿ.

ಹುಬ್ಬಳ್ಳಿ-ಧಾರವಾಡದಲ್ಲಿ ಇಂಜಿನಿಯರಿಂಗ್ ಓದೋ ಹುಡುಗ ಹುಡುಗಿಯರು ನನ್ನ ಗೆಳೆಯರ ಪಟ್ಟಿಯಲ್ಲೇ ಬೇಕಾದಷ್ಟು ಇದ್ದೀರಿ. ಕಡೇ ವರ್ಷದ ಪ್ರಾಜೆಕ್ಟ್ ಅಂತ ಅದೇ ಹಾಜರಿ ಆ್ಯಪ್ ಮಾಡೋ ಬದಲು ಈ ಕನ್ನಡ ಪದದ ಒಗಟು ಮಾಡ್ರಪ್ಪಾ. ಉತ್ತರ ಗೊತ್ತಿರೋ ಪದಗಳ ಪಟ್ಟಿ ಮೊದಲು ಬೇಕಾಗುತ್ತಲ್ಲ, ಅದನ್ನ ನಾನು ತಿದ್ದಿ ಕೊಡ್ತೀನಿ.