ಮೊದಲು ಆ ಹುಡುಗಿಗೆ ಹೇಳಿ, ಪೂರ್ತಿ ಹೇಳಿ

ಹದಿನಾರು ತುಂಬಿದರೂ ಮುಟ್ಟಾಗದ ಹುಡುಗಿಗೆ ಗರ್ಭಕೋಶವೇ ಇಲ್ಲ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾದರೆ, ಆ ಸುದ್ದಿ ಮೊದಲು ಹೋಗುವುದು ಅವಳ ಅಪ್ಪ ಅಮ್ಮನ ಕಿವಿಗೆ. ಆಮೇಲೆ ಮನೆಯಲ್ಲಿ ಮದುವೆಯ ಚಿಂತೆ, ಮಕ್ಕಳ ಚಿಂತೆ. ಹುಡುಗಿಯವರೆಗೆ ಬರುವಾಗ ಒಂದೋ ‘ನಿಂಗೆ ಮಕ್ಕಳಾಗಲ್ಲ’ ಎಂದಾಗಿರುತ್ತದೆ, ಇಲ್ಲವೇ ‘ತಲೆ ಕೆಡಿಸ್ಕೋಬೇಡ, ಈಗ ಎಲ್ಲದಕ್ಕೂ ದಾರಿ ಇದೆ’ ಎಂದಾಗಿರುತ್ತದೆ. ಎರಡೂ ಅರ್ಧ ಸತ್ಯ. ನಾನು ಗರ್ಭಕೋಶವಿಲ್ಲದೆ ಹುಟ್ಟಿದವಳು, ಈ ಎರಡೂ ಮಾತು ಕೇಳುತ್ತಲೇ ದೊಡ್ಡವಳಾದವಳು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ವೈದ್ಯರು ಇದನ್ನು ಎಂಆರ್‌ಕೆಎಚ್ ಸಿಂಡ್ರೋಮ್ ಎನ್ನುತ್ತಾರೆ. ಸುಮಾರು 4,500ರಿಂದ 5,000 ಹೆಣ್ಣುಮಕ್ಕಳಲ್ಲಿ ಒಬ್ಬಳು ಹೀಗೆ ಹುಟ್ಟುತ್ತಾಳೆ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಗರ್ಭಕೋಶ ಮತ್ತು ಯೋನಿಯ ಮೇಲ್ಭಾಗ ಆಗಬೇಕಾದ ನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಅಂಡಾಶಯ ಬೇರೆ ಕಡೆಯಿಂದ ಬೆಳೆಯುವ ಅಂಗ, ಹಾಗಾಗಿ ಸಾಮಾನ್ಯವಾಗಿ ಅದು ಸರಿಯಾಗಿಯೇ ಇರುತ್ತದೆ. ಹಾರ್ಮೋನು, ಎದೆಯ ಬೆಳವಣಿಗೆ, ತಿಂಗಳು ತಿಂಗಳು ಬಲಿಯುವ ಅಂಡಾಣು, ಎಲ್ಲವೂ ಇರುತ್ತವೆ. ಕ್ರೋಮೋಸೋಮ್ ಕೂಡ ಉಳಿದ ಹೆಣ್ಣುಮಕ್ಕಳ ಹಾಗೆ ಎಕ್ಸ್‌ಎಕ್ಸ್. ‘ಹಾಗಾದ್ರೆ ನಾನು ಹೆಣ್ಣೇ ಅಲ್ವಾ’ ಎಂದು ರಾತ್ರಿಯೆಲ್ಲ ಕೊರಗುವ ಹುಡುಗಿಗೆ ಈ ಒಂದು ಮಾತನ್ನು ಮೊದಲ ದಿನವೇ ಹೇಳಬೇಕು. ಇನ್ನೊಂದು ಮಾತೂ ಇದೆ. ಕೆಲವರಿಗೆ ಹುಟ್ಟಿನಿಂದ ಒಂದೇ ಕಿಡ್ನಿ ಇರುತ್ತದೆ, ಕೆಲವರಿಗೆ ಬೆನ್ನುಮೂಳೆಯ ಅಥವಾ ಕಿವಿಯ ತೊಂದರೆ ಇರುತ್ತದೆ. ಅದನ್ನು ಪರೀಕ್ಷಿಸಿಕೊಳ್ಳಲೇಬೇಕು.

ನನ್ನ ಸ್ಕ್ಯಾನಿಂಗ್‌ಗೆ ನೀರು ಕುಡಿದೂ ಕುಡಿದೂ ಹೊಟ್ಟೆ ಬಿಗಿದಿತ್ತು. ತಣ್ಣನೆ ಜೆಲ್ ಹಚ್ಚಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಿ ನೋಡಿದರು. ಪರದೆ ಅವರ ಕಡೆಗಿತ್ತು. ‘ನೀನು ಹೊರಗೆ ಕೂತ್ಕೋಮ್ಮ, ಅಮ್ಮನ್ನ ಒಳಗೆ ಕಳಿಸು’ ಎಂದರು. ಹೊರಗೆ ಬಂದ ಅಮ್ಮ ‘ಏನಿಲ್ಲ, ಸ್ವಲ್ಪ ವೀಕ್ನೆಸ್ ಅಂತೆ’ ಎಂದಳು. ಕಿಡ್ನಿಯ ವಿಷಯ ಅಮ್ಮನಿಗೂ ಯಾರೂ ಹೇಳಿರಲಿಲ್ಲ. ಎಷ್ಟೋ ವರ್ಷದ ಮೇಲೆ ನಾನೇ ಓದಿಕೊಂಡು, ಕೇಳಿ ಆ ಪರೀಕ್ಷೆ ಮಾಡಿಸಿಕೊಂಡೆ.

ಮೇಲ್ಭಾಗ ಬೆಳೆಯದೆ ಗಿಡ್ಡವಾಗಿರುವ ಯೋನಿಯ ಉದ್ದ ಹೆಚ್ಚಿಸುವುದಕ್ಕೂ ಅವಳನ್ನು ಕೇಳದೆ ಅವಸರ ಮಾಡುತ್ತಾರೆ, ಮದುವೆಗೆ ಮುಂಚೆ ಆಪರೇಷನ್ ಮುಗಿಸಿಬಿಡೋಣ ಎಂದು. ಡೈಲೇಟರ್ ಎಂಬ ನುಣುಪಾದ ಕೊಳವೆಯಾಕಾರದ ಸಾಧನ ಬಳಸಿ ನಿಧಾನವಾಗಿ ಹಿಗ್ಗಿಸುವುದನ್ನೇ ಮೊದಲ ಚಿಕಿತ್ಸೆಯಾಗಿ ಸೂಚಿಸುತ್ತಾರೆ, ಬಹಳ ಜನರಿಗೆ ಅದೇ ಸಾಕಾಗುತ್ತದೆ. ಯಾವಾಗ, ಅಥವಾ ಬೇಕೋ ಬೇಡವೋ ಎನ್ನುವುದು ಅವಳ ತೀರ್ಮಾನ.

ಇನ್ನು ಮಕ್ಕಳ ವಿಷಯ. ಅಂಡಾಣು ಇರುವುದರಿಂದ ಐವಿಎಫ್ ಮೂಲಕ, ಅಂದರೆ ಅಂಡಾಣು ವೀರ್ಯಾಣುಗಳನ್ನು ದೇಹದ ಹೊರಗೆ ಸೇರಿಸಿ, ಭ್ರೂಣ ಮಾಡಿ ಬಾಡಿಗೆ ತಾಯಿಯ ಗರ್ಭದಲ್ಲಿ ಬೆಳೆಸಬಹುದು. ಮಗು ರಕ್ತಸಂಬಂಧದಲ್ಲಿ ಅಪ್ಪ ಅಮ್ಮನದೇ. 1997ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ನಮ್ಮಂಥವರಿಗೆ ಬಾಡಿಗೆ ತಾಯಿಯ ಮೂಲಕ ಹುಟ್ಟಿದ 17 ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಈ ತೊಂದರೆ ಇರಲಿಲ್ಲ. ಆದರೆ ನಮ್ಮಲ್ಲಿ ಕೆಲವರ ಅಂಡಾಶಯ ಮಾಮೂಲಿಗಿಂತ ಮೇಲೆ ಇರುತ್ತದೆ, ಆಗ ಹೊಟ್ಟೆಯ ಮೂಲಕ ಸೂಜಿ ಹಾಕಿ ಅಂಡಾಣು ತೆಗೆಯಬೇಕಾಗಬಹುದು. ವಯಸ್ಸಾದಂತೆ ಎಲ್ಲರ ಹಾಗೆ ನಮ್ಮ ಅಂಡಾಣುಗಳೂ ಕಡಿಮೆಯಾಗುತ್ತವೆ. ಬಾಡಿಗೆ ತಾಯ್ತನದ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ: ಜರ್ಮನಿ, ಫ್ರಾನ್ಸ್‌ಗಳಲ್ಲಿ ಅವಕಾಶವೇ ಇಲ್ಲ, ಭಾರತ, ಬ್ರಿಟನ್‌ಗಳಲ್ಲಿ ವ್ಯಾಪಾರವಾಗಿ ಮಾಡುವಂತಿಲ್ಲ. ಮತ್ತೆ, ಒಂಬತ್ತು ತಿಂಗಳು ಹೊರುವವಳೂ ಒಬ್ಬ ಹೆಂಗಸು. ಬಿಪಿ ಏರಿದರೆ ಅವಳದು, ಸಿಸೇರಿಯನ್ ಆದರೆ ಗಾಯ ಅವಳದು. ಅವಳ ಹೆಸರೇ ಎತ್ತದೆ ‘ದಾರಿ ಇದೆ’ ಎಂದರೆ ನನಗೆ ಸಿಟ್ಟು ಬರುತ್ತದೆ.

ಗರ್ಭಕೋಶ ಕಸಿಯ ಸುದ್ದಿ ಬಂದಾಗ ನಾನು ಅತ್ತಿದ್ದೆ. 2014ರಲ್ಲಿ ಸ್ವೀಡನ್ನಿನಲ್ಲಿ ಕಸಿ ಮಾಡಿದ ಗರ್ಭಕೋಶದಿಂದ ಜಗತ್ತಿನ ಮೊದಲ ಮಗು ಹುಟ್ಟಿತು. ತಾಯಿ ನನ್ನ ಹಾಗೆಯೇ ಹುಟ್ಟಿದವಳು, ಗರ್ಭಕೋಶ ಕೊಟ್ಟಾಕೆಗೆ ಆಗ 61 ವರ್ಷ. 2017ರಲ್ಲಿ ಬ್ರೆಜಿಲ್‌ನಲ್ಲಿ, ಮೃತಪಟ್ಟ ಮಹಿಳೆಯೊಬ್ಬರ ಗರ್ಭಕೋಶ ಪಡೆದಾಕೆಗೆ ಮಗುವಾಯಿತು. 2018ರಲ್ಲಿ ಪುಣೆಯಲ್ಲಿ, 2025ರಲ್ಲಿ ಲಂಡನ್ನಿನಲ್ಲಿ ಮಕ್ಕಳು ಹುಟ್ಟಿದವು. ಅಮೆರಿಕದ ಡಲ್ಲಾಸ್‌ನಲ್ಲಿ ಕಸಿ ಮಾಡಿಸಿಕೊಂಡ 20 ಮಂದಿಯಲ್ಲಿ 14 ಮಂದಿಗೆ ಅದು ಹೊಂದಿಕೊಂಡಿತು, ಆ 14 ಮಂದಿಗೂ ಮಕ್ಕಳಾದವು. ಉಳಿದ ಆರು ಮಂದಿ ಅಷ್ಟೆಲ್ಲ ನೋವು ತಿಂದೂ ಅದನ್ನು ಕಳೆದುಕೊಂಡರು. ಪತ್ರಿಕೆಯ ತಲೆಬರಹದಲ್ಲಿ ಅವರು ಕಾಣುವುದಿಲ್ಲ.

ದಾರಿಯೂ ಸಣ್ಣದಲ್ಲ. ಮೊದಲು ಐವಿಎಫ್ ಮಾಡಿ ಭ್ರೂಣಗಳನ್ನು ಶೀತಲೀಕರಿಸಿ ಇಡಬೇಕು. ಆಮೇಲೆ ಕಸಿ, ದೇಹ ಅದನ್ನು ತಿರಸ್ಕರಿಸದಂತೆ ದಿನವೂ ಔಷಧಿ, ಮತ್ತೆ ಮತ್ತೆ ಬಯಾಪ್ಸಿ, ಅಂದರೆ ಅಂಗದ ಚೂರು ತೆಗೆದು ಪರೀಕ್ಷೆ. ಹೆರಿಗೆ ಸಿಸೇರಿಯನ್ನೇ. ಒಂದೋ ಎರಡೋ ಮಕ್ಕಳಾದ ಮೇಲೆ, ಆ ಔಷಧಿಗಳನ್ನು ಜೀವನವಿಡೀ ನುಂಗಬಾರದೆಂದು, ಗರ್ಭಕೋಶವನ್ನು ತೆಗೆದುಬಿಡುತ್ತಾರೆ.

‘ನಂದು ಸುಮ್ನೆ ಇದೆಯಲ್ಲೇ, ತಗೋ’ ಎಂದಳು ಅಮ್ಮ, ಬಟ್ಟೆ ಮಡಚುತ್ತಾ, ನನ್ನ ಮುಖ ನೋಡದೆ. ಗಂಟೆಗಟ್ಟಲೆಯ ಆಪರೇಷನ್ ಅವಳಿಗೂ ಆಗಬೇಕು ಎಂದು ನನಗೆ ಗೊತ್ತಿತ್ತು. ಬೇಡ ಎಂದೆ. ಇನ್ನೊಬ್ಬಳು ಎಲ್ಲ ತಿಳಿದು ಬೇಕು ಎಂದರೆ ಅವಳ ಆಸೆಗೆ ನಾನು ಅಡ್ಡ ಮಾತಾಡುವುದಿಲ್ಲ.

‘ಬಿಡು, ದತ್ತು ತಗೊಂಡ್ರಾಯ್ತು’ ಎನ್ನುವವರಿಗೆ ಒಂದು ಮಾತು. ದತ್ತು ಬರುವ ಮಗುವಿಗೂ ಹಿಂದಿನದೊಂದು ಬದುಕಿದೆ, ಕಳೆದುಕೊಂಡ ಜನರಿದ್ದಾರೆ. ನಮಗೆ ಸಮಾಧಾನ ಮಾಡುವುದು ಆ ಮಗುವಿನ ಕೆಲಸವಲ್ಲ. ನಾನೂ ನನ್ನ ಗಂಡನೂ ಇದನ್ನೆಲ್ಲ ಮಾತಾಡಿಕೊಂಡೇ ದತ್ತಿಗೆ ಅರ್ಜಿ ಹಾಕಿದ್ದೇವೆ, ಕಾಯುತ್ತಿದ್ದೇವೆ. ಮಕ್ಕಳೇ ಬೇಡ ಎಂದು ತೀರ್ಮಾನಿಸಿ ನೆಮ್ಮದಿಯಾಗಿರುವ ಗೆಳತಿಯರೂ ನನಗಿದ್ದಾರೆ. ದಾರಿಗಳ ಬಗ್ಗೆ ಹೇಳುವಾಗ ಅವರನ್ನು ಯಾಕೆ ಬಿಡಬೇಕು?

ಕೇಳುವುದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಅಪ್ಪ ಅಮ್ಮಂದಿರೂ ಬರೆಯಿರಿ, ಗೊತ್ತಿರುವಷ್ಟು ಹೇಳುತ್ತೇನೆ. ಆದರೆ ಮಗಳಿಗೆ ಇನ್ನೂ ಹೇಳಿಲ್ಲ ಎಂದರೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ.