ಕಂಠೀರವ ಒಡೆದು ಕಟ್ಟೋಣವೇ?

ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ಕ್ಲಬ್ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಆಡುತ್ತಿರುವುದು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ. ಅದು ರಾಜ್ಯ ಸರ್ಕಾರದ್ದು. 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ ಸಿದ್ಧವಾದದ್ದು. ಸುತ್ತ ಓಟದ ಟ್ರ್ಯಾಕ್ ಇರುವ ಈ ಹಳೆಯ ಸ್ಟೇಡಿಯಂ ಅನ್ನು ಫುಟ್‌ಬಾಲ್‌ಗೆಂದೇ ಹೊಸದಾಗಿ ಕಟ್ಟಬೇಕಾ? ಅಭಿಮಾನಿಗಳ ನಡುವೆ ಮತ್ತೆ ಮತ್ತೆ ಏಳುವ ಪ್ರಶ್ನೆ ಇದು. ಕ್ಲಬ್‌ನ ಇಬ್ಬರು ಅಭಿಮಾನಿಗಳಿಗೆ ಒಂದೊಂದು ಪಕ್ಷ ಕೊಟ್ಟು ಬರೆಯಲು ಕೇಳಿದ್ದೆವು.

ಪರ: ಟ್ರ್ಯಾಕ್ ಹೋಗಲಿ, ಆಟ ಹತ್ತಿರ ಬರಲಿ

ಅಳತೆಯಿಂದಲೇ ಶುರು ಮಾಡುತ್ತೇನೆ. ಓಟದ ಟ್ರ್ಯಾಕಿನಲ್ಲಿ ಎಂಟು ಲೇನು, ಒಂದೊಂದು 1.22 ಮೀಟರ್. ಒಟ್ಟು ಹತ್ತಿರ ಹತ್ತಿರ 10 ಮೀಟರ್. ಪಕ್ಕದ ಗ್ಯಾಲರಿಯಲ್ಲಿ ಕೂತವರು ಇದನ್ನು ಹೇಗೋ ಸಹಿಸಿಕೊಳ್ಳಬಹುದು. ಗೋಲಿನ ಹಿಂದೆ ಕೂತವರ ಪಾಡು ನೋಡಿ. ಅಲ್ಲಿ ಟ್ರ್ಯಾಕ್ ಅರ್ಧ ವೃತ್ತವಾಗಿ ತಿರುಗುತ್ತದೆ. ಹಾಗಾಗಿ ಗೋಲಿಗೂ ಮೊದಲ ಸಾಲಿಗೂ ಮಧ್ಯೆ ಸುಮಾರು 35 ಮೀಟರ್ ಖಾಲಿ ಜಾಗ. ಮೊದಲ ಸಾಲೇ ಅಷ್ಟು ದೂರ ಅಂದಮೇಲೆ ಮೇಲಿನ ಸಾಲಿನ ಕಥೆ ಹೇಳಬೇಕಾ? ಆಚೆ ತುದಿಯಲ್ಲಿ ಗೋಲಾದರೆ ಅವರಿಗೆ ಗೊತ್ತಾಗುವುದು ವೆಸ್ಟ್ ಬ್ಲಾಕಿನವರು (ಪಶ್ಚಿಮ ಸ್ಟ್ಯಾಂಡಿನ ನಮ್ಮ ಅಭಿಮಾನಿ ಬಳಗ) ಎದ್ದು ಕುಣಿದಾಗ.

ಬಿಎಫ್‌ಸಿ ಹುಟ್ಟಿದ್ದು ಇಲ್ಲಲ್ಲ. ಅಶೋಕನಗರದ ಪುಟ್ಟ ಫುಟ್‌ಬಾಲ್ ಸ್ಟೇಡಿಯಂನಲ್ಲಿ. 2013ರ ಸೆಪ್ಟೆಂಬರ್ 22ರಂದು ಮೋಹನ್ ಬಾಗಾನ್ ವಿರುದ್ಧ ಮೊದಲ ಮ್ಯಾಚ್, 1-1. ಕ್ಲಬ್‌ನ ಮೊದಲ ಗೋಲು ಶಾನ್ ರೂನಿ ಹೊಡೆದದ್ದು. ನೆಲಕ್ಕೆ ಕೃತಕ ಹುಲ್ಲು, ಅಂಥಾ ಸೌಕರ್ಯ ಏನೂ ಇಲ್ಲ. ಆದರೆ ಗೋಲ್‌ಕೀಪರ್ ತನ್ನ ಡಿಫೆಂಡರ್‌ಗೆ ಗದರಿದ್ದು ಕೇಳಿಸುತ್ತಿತ್ತು. ಇಬ್ಬರ ಕಾಲು ಒಂದೇ ಚೆಂಡಿಗೆ ಬಡಿದ ಸದ್ದು ಕೇಳಿಸುತ್ತಿತ್ತು. ಥ್ರೋ-ಇನ್ ಎಸೆಯಲು ಬಂದವನ ಮೊಣಕೈಗೆ ಅಂಟಿದ ಕರಿ ರಬ್ಬರ್ ಕಾಳು ಕೂಡ ಕಾಣುತ್ತಿತ್ತು. ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದೆವು. ಮುಂದಿನ ಸೀಸನ್‌ಗೆ ಕಂಠೀರವಕ್ಕೆ ಬಂದೆವು. ಸೀಟು ಜಾಸ್ತಿಯಾಯಿತು, ಆಟ ದೂರವಾಯಿತು.

ಹಾಗಾದರೆ ಕಂಠೀರವದಲ್ಲಿ ದೊಡ್ಡ ರಾತ್ರಿಗಳೇ ಆಗಿಲ್ಲವಾ ಎಂದು ಕೇಳುತ್ತಾರೆ. ಆಗಿವೆ. 2016ರ ಅಕ್ಟೋಬರ್ 19 ನಾನು ಇರುವವರೆಗೂ ಮರೆಯುವುದಿಲ್ಲ. ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್‌ನ ಸೆಮಿಫೈನಲ್‌ನ ಎರಡನೇ ಪಂದ್ಯ. ಎದುರಿಗೆ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್, ಹಿಂದಿನ ವರ್ಷದ ಚಾಂಪಿಯನ್. ಅವರ ಊರಲ್ಲಿ 1-1 ಆಗಿತ್ತು. ಇಲ್ಲಿ ಮೊದಲ ಗೋಲು ಅವರೇ ಹೊಡೆದರು. ಸ್ಟೇಡಿಯಂ ತಣ್ಣಗಾಯಿತು. ವಿರಾಮಕ್ಕೆ ಮುಂಚೆ ನಮ್ಮ ನಾಯಕ ಸುನಿಲ್ ಛೆಟ್ರಿ ತಲೆಯಿಂದ ಒಂದು ಗೋಲು ಹಾಕಿದರು. ಆಮೇಲೆ ದೂರದಿಂದ ಇನ್ನೊಂದು ಹೊಡೆದರು ನೋಡಿ, ಚೆಂಡು ಬಲೆಗೆ ಬಿದ್ದಾಗ ನನ್ನ ಪಕ್ಕದಲ್ಲಿದ್ದ ಆಸ್ಟಿನ್ ಟೌನ್‌ನ ಹಿರಿಯರೊಬ್ಬರು ನನ್ನ ಭುಜ ಹಿಡಿದು ಅಲ್ಲಾಡಿಸಿಬಿಟ್ಟರು. ಪರಿಚಯವೇ ಇಲ್ಲದ ಮನುಷ್ಯ. ಮೂರನೆಯದನ್ನು ನಮ್ಮ ಡಿಫೆಂಡರ್ ಹುವಾನನ್ ಹಾಕಿದರು. ಭಾರತದ ಕ್ಲಬ್ಬೊಂದು ಎಎಫ್‌ಸಿ ಕಪ್ ಫೈನಲ್ ಮುಟ್ಟಿದ್ದು ಅದೇ ಮೊದಲು.

ಆ ಹಿರಿಯರು ಮ್ಯಾಚ್ ಮುಗಿದ ಮೇಲೂ ಎದ್ದು ಹೋಗಲಿಲ್ಲ. ಮೈಸೂರು ರಾಜ್ಯ ತಂಡ 1968-69ರಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿ ಗೆದ್ದ ಕಾಲದ ಮಾತು ತೆಗೆದರು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಹುಡುಗರು ಬರಿಗಾಲಲ್ಲಿ ಆಡಿ ದೊಡ್ಡ ಆಟಗಾರರಾದದ್ದನ್ನು ಹೇಳಿದರು. ಆಮೇಲೆ ಮೈದಾನದ ಕಡೆ ಕೈ ತೋರಿಸಿ, "ಇಷ್ಟು ದೊಡ್ಡ ಊರು, ನಮ್ಮ ಆಟಕ್ಕೆ ಅಂತ ಒಂದು ಮನೆ ಇಲ್ವಲ್ಲಪ್ಪಾ" ಅಂದರು. ಆ ಮಾತಿಗೆ ಉತ್ತರ ಇವತ್ತಿಗೂ ಯಾರೂ ಕೊಟ್ಟಿಲ್ಲ. ಅವರು ಹೇಳಿದ ಆ ಟ್ರೋಫಿ ರಾಜ್ಯಕ್ಕೆ ಮತ್ತೆ ಬಂದದ್ದು 54 ವರ್ಷಗಳ ನಂತರ, 2023ರ ಮಾರ್ಚ್‌ನಲ್ಲಿ, ಅದೂ ರಿಯಾದ್‌ನಲ್ಲಿ ಆಡಿ. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಊರು ಇದು. ಫುಟ್‌ಬಾಲ್ ಇಲ್ಲಿಗೆ ನಿನ್ನೆ ಮೊನ್ನೆ ಬಂದ ಫ್ಯಾಷನ್ ಅಲ್ಲ.

ಟ್ರ್ಯಾಕ್ ತೆಗೆದರೆ ಏನಾಗುತ್ತದೆ ಎಂದು ತಿಳಿಯಲು ಇಟಲಿಯ ಟ್ಯೂರಿನ್ ನೋಡಿ. ಯುವೆಂಟಸ್ ಕ್ಲಬ್ ಆಡುತ್ತಿದ್ದ ದೆಲ್ಲೆ ಆಲ್ಪಿ ಸ್ಟೇಡಿಯಂ 1990ರ ವಿಶ್ವಕಪ್‌ಗೆ ಕಟ್ಟಿದ್ದು. ಸುತ್ತ ಟ್ರ್ಯಾಕ್, ಆಟ ದೂರ, ಅಭಿಮಾನಿಗಳಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಇಪ್ಪತ್ತು ವರ್ಷ ತುಂಬುವ ಮೊದಲೇ ಕೆಡವಿದರು. ಅದೇ ಜಾಗದಲ್ಲಿ 2011ರಲ್ಲಿ ಹೊಸದು ತೆರೆದರು. 69,000 ಸೀಟು ಇದ್ದದ್ದು 41,000ಕ್ಕೆ ಇಳಿಯಿತು. ಚಿಕ್ಕದಾದರೂ ತುಂಬಿತು, ಸದ್ದು ಮಾಡಿತು, ತಂಡ ಸಾಲಾಗಿ ಲೀಗ್ ಗೆದ್ದಿತು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಪೂರ್ತಿ ಕೆಡವಲೇ ಇಲ್ಲ. ಟ್ರ್ಯಾಕ್ ಕಿತ್ತು, ಮೈದಾನ ಸ್ವಲ್ಪ ಇಳಿಸಿ, ಎರಡು ತುದಿಯ ಸ್ಟ್ಯಾಂಡ್‌ಗಳನ್ನು ಗೋಲಿನ ಹತ್ತಿರಕ್ಕೆ ತಂದು ಕಟ್ಟಿದರು. ಕಂಠೀರವಕ್ಕೂ ಇದನ್ನೇ ಮಾಡಬಹುದು. ಈಗ ಹಿಡಿಸುವುದು ಸುಮಾರು 25,000. ನಮಗೆ ಅದಕ್ಕಿಂತ ಜಾಸ್ತಿ ಬೇಡ, 18,000 ಸಾಕು. ಆದರೆ ಪ್ರತಿ ಸೀಟೂ ಆಟಕ್ಕೆ ಅಂಟಿಕೊಂಡಿರಲಿ.

ಅಥ್ಲೀಟ್‌ಗಳು ಎಲ್ಲಿ ಹೋಗಬೇಕು ಅಂತೀರಾ? ನಗರದಲ್ಲಿ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದ ಟ್ರ್ಯಾಕ್ ಇದೆ. ಸರ್ಕಾರಕ್ಕೆ ಮನಸ್ಸಿದ್ದರೆ ಇನ್ನೊಂದನ್ನು ಹಾಕಿಸುವುದು ಕಷ್ಟವಲ್ಲ. ಓಟಕ್ಕೆ ಟ್ರ್ಯಾಕ್ ಬೇಕು, ಅದರ ಸುತ್ತ 25,000 ಸೀಟು ಬೇಡ. ದಿನಾ ಬೆಳಗ್ಗೆ ಅಭ್ಯಾಸ ಮಾಡುವವರನ್ನು ನೋಡಲು ಗ್ಯಾಲರಿ ತುಂಬಿದ್ದನ್ನು ಯಾರಾದರೂ ಕಂಡಿದ್ದೀರಾ?

ಇನ್ನೊಂದು ಮಾತು. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಅಲ್ಲಿಂದ ಕಂಠೀರವ ನಡೆದೇ ಬರುವಷ್ಟು ಹತ್ತಿರ. ಆ ದಿನದ ನಂತರ ಈ ಊರಿನ ಯಾವ ಹಳೆಯ ಸ್ಟೇಡಿಯಂ ಬಗ್ಗೆಯೂ "ಹೇಗೋ ನಡೀತಿದೆ, ಇರಲಿ ಬಿಡಿ" ಅನ್ನುವ ಹಾಗಿಲ್ಲ. ಗೇಟು ಎಷ್ಟು ಅಗಲ, ಮೆಟ್ಟಿಲು ಎಲ್ಲಿ, ಆಂಬುಲೆನ್ಸ್ ಯಾವ ದಾರಿಯಲ್ಲಿ ಬರಬೇಕು ಎಂಬುದನ್ನೆಲ್ಲ ಮೊದಲ ನಕ್ಷೆಯಲ್ಲೇ ಲೆಕ್ಕ ಹಾಕಿ ಕಟ್ಟಬೇಕು. ಹಳೆಯದಕ್ಕೆ ಬಣ್ಣ ಬಳಿದರೆ ಅದು ಆಗುವುದಿಲ್ಲ.

2025ರ ಮಾರ್ಚ್‌ನಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಪ್ಲೇಆಫ್‌ನಲ್ಲಿ ಮುಂಬೈ ಸಿಟಿಗೆ ಇಲ್ಲೇ ಐದು ಗೋಲು ಹಾಕಿದೆವು. 5-0! ಗೋಲಿನ ಹಿಂದಿನ ಗ್ಯಾಲರಿಯಲ್ಲಿ ಕೂತ ಹತ್ತು ವರ್ಷದ ಹುಡುಗನಿಗೆ ಆ ಐದೂ ಗೋಲು ಸರಿಯಾಗಿ ಕಾಣಬೇಕಿತ್ತು. ನಾನು ಕೇಳುತ್ತಿರುವುದು ಅಷ್ಟೇ.

ವಿರೋಧ: ಇದು ನಮ್ಮೊಬ್ಬರ ಮೈದಾನ ಅಲ್ಲ

ನನಗೆ ವಿರೋಧದ ಪಕ್ಷ ಕೊಟ್ಟಿದ್ದಾರೆ. ನಾನೂ ನೀಲಿ ಜೆರ್ಸಿಯವನೇ. ಟ್ರ್ಯಾಕ್ ಆಚೆಯಿಂದ ಮ್ಯಾಚ್ ನೋಡುವುದು ನನಗೂ ಅಷ್ಟೇನೂ ಇಷ್ಟವಿಲ್ಲ. ಆದರೂ ಕಂಠೀರವ ಒಡೆಯಬೇಡಿ ಅಂತಲೇ ಹೇಳುತ್ತೇನೆ.

ದುಡ್ಡಿನ ಮಾತು ಮೊದಲು. 2025ರ ಆಗಸ್ಟ್‌ನಲ್ಲಿ ಲೀಗ್ ನಡೆಯುತ್ತದೋ ಇಲ್ಲವೋ ಎಂಬುದೇ ಗೊತ್ತಿಲ್ಲದೆ ನಮ್ಮ ಕ್ಲಬ್ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಮುಂದಿನ ಸೀಸನ್ ಯಾವಾಗ ಎಂದು ಆಗ ಹೇಳಲಾಗದಿದ್ದ ಆಟಕ್ಕೆ ನೂರಾರು ಕೋಟಿಯ ಸ್ಟೇಡಿಯಂ ಯಾರು ಕಟ್ಟುತ್ತಾರೆ? ಯುವೆಂಟಸ್ ತನ್ನದೇ ಸ್ಟೇಡಿಯಂ ಕಟ್ಟಿಕೊಂಡಿತು. ಇಲ್ಲಿ ಜಾಗ ಸರ್ಕಾರದ್ದು, ದುಡ್ಡು ಜನರದ್ದು. ಹೊಸ ಸ್ಟೇಡಿಯಂ ಬೇಕು ಅನ್ನುವವರಿಗೆ ಬೇಕಿರುವುದು ಗಾಜಿನ ಬಾಕ್ಸು, ಮೆತ್ತನೆ ಸೋಫಾ. ಆಮೇಲೆ ಟಿಕೆಟ್ ದರ ಏರಿದಾಗ ಆಸ್ಟಿನ್ ಟೌನ್‌ನ ಆ ಹಿರಿಯರು ಗೇಟಿನ ಹೊರಗೇ ನಿಲ್ಲಬೇಕಾಗುತ್ತದೆ.

ಮೈದಾನ ಇಳಿಸಿ ಎನ್ನುತ್ತಾರೆ. ಕಂಠೀರವ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕರಗಕ್ಕೆಂದು ಉಳಿಸಿಕೊಂಡ ಪುಟ್ಟ ಕೊಳ ಈಗಲೂ ಪಕ್ಕದಲ್ಲೇ ಇದೆ. ಕೆರೆ ಅಂಗಳದಲ್ಲಿ ಇನ್ನೂ ಆಳ ಅಗೆದರೆ ಮಳೆಗಾಲದಲ್ಲಿ ನೀರು ಎಲ್ಲಿಗೆ ಹೋಗಬೇಕು?

ಇನ್ನು ಅಥ್ಲೀಟ್‌ಗಳ ವಿಷಯ. ಮೇಲಿನ ಬರಹದಲ್ಲಿ ಅದಕ್ಕೆ ನಾಲ್ಕು ಸಾಲು ಸಿಕ್ಕಿದೆ. ನನ್ನ ಅಕ್ಕನ ಮಗಳು ಹರ್ಡಲ್ಸ್ ಓಡುತ್ತಾಳೆ. ಅವಳು ಓದಿದ್ದು ತುಮಕೂರು ಕಡೆಯ ಹಳ್ಳಿಯಲ್ಲಿ. ಅಲ್ಲಿನ ಟ್ರ್ಯಾಕ್ ಅಂದರೆ ಮಣ್ಣಿನ ಮೈದಾನದ ಮೇಲೆ ಸುಣ್ಣದ ಗೆರೆ. ಮೊದಲ ಸಲ ರಾಜ್ಯ ಮಟ್ಟದ ಕೂಟಕ್ಕೆ ಬಂದಾಗ ಬೆಳಗಿನ ಜಾವದ ಬಸ್ಸಿಗೆ ಹೊರಟು ನನ್ನ ಜೊತೆ ಕಂಠೀರವಕ್ಕೆ ಬಂದಳು. ಟ್ರ್ಯಾಕ್ ಮೇಲೆ ಕಾಲಿಡುವ ಮೊದಲು ಬಗ್ಗಿ ಬೆರಳಲ್ಲಿ ಒತ್ತಿ ನೋಡಿದಳು. "ಮಾಮ, ಮೆತ್ತಗಿದೆ" ಅಂದಳು. ಸ್ನೇಹಿತೆಯಿಂದ ಸ್ಪೈಕ್ಸ್ ಎರವಲು ತಂದಿದ್ದಳು, ಒಂದು ಸೈಜು ದೊಡ್ಡದು, ಮುಂದುಗಡೆ ಹತ್ತಿ ತುರುಕಿಕೊಂಡಿದ್ದಳು. ಮೂರನೇ ಹರ್ಡಲ್‌ಗೆ ಮೊಣಕಾಲು ತಾಗಿ ಬಿದ್ದಳು. ಆ ಒರಟು ರಬ್ಬರಿಗೆ ಚರ್ಮ ಕಿತ್ತುಬಂತು. ಎದ್ದು ಓಟ ಮುಗಿಸಿದಳು, ಕೊನೆಯವಳಾಗಿ. ಗ್ಯಾಲರಿಯಲ್ಲಿ ಕೂತಿದ್ದ ಬೇರೆ ಜಿಲ್ಲೆಗಳ ಮಕ್ಕಳೆಲ್ಲ ಎದ್ದು ಚಪ್ಪಾಳೆ ಹೊಡೆದರು. ಊರಿಗೆ ಹೋಗಿ ಅವಳು ಬಿದ್ದದ್ದನ್ನು ಹೇಳಲೇ ಇಲ್ಲ, "ಕಂಠೀರವದಲ್ಲಿ ಓಡಿದೆ" ಅಂತಷ್ಟೇ ಹೇಳಿದಳು. ಓಡುವವರಿಗೆ ಗ್ಯಾಲರಿ ಯಾಕೆ ಅನ್ನುವವರು ಆ ಚಪ್ಪಾಳೆ ಕೇಳಬೇಕಿತ್ತು. ಸಾಯ್ ಕೇಂದ್ರದ ಬಾಗಿಲು ಆಯ್ಕೆಯಾದವರಿಗೆ. ಸ್ಪೈಕ್ಸ್ ಎರವಲು ತರುವ ಮಕ್ಕಳಿಗೆ ಊರಿನ ನಡುವೆ, ಬಸ್ಸಿಳಿದು ತಲುಪುವ ಜಾಗದಲ್ಲಿ ಟ್ರ್ಯಾಕ್ ಇರಬೇಕು.

ಈಗ ಆ ಹುಡುಗಿ ಕಾಲೇಜಿನಲ್ಲಿದ್ದಾಳೆ, ಇನ್ನೂ ಓಡುತ್ತಾಳೆ. 2025ರ ಜುಲೈ 5ರಂದು ನೀರಜ್ ಚೋಪ್ರಾ ಇಲ್ಲೇ ಜಾವೆಲಿನ್ ಎಸೆದು 86.18 ಮೀಟರ್‌ಗೆ ಗೆದ್ದರಲ್ಲ, ಅವತ್ತೂ ನನ್ನನ್ನು ಎಳೆದುಕೊಂಡು ಬಂದಿದ್ದಳು. ಗ್ಯಾಲರಿ ಖಾಲಿ ಇರುತ್ತದೆ ಎನ್ನುವವರು ಆ ಸಂಜೆ ಬರಬೇಕಿತ್ತು. ಟ್ರ್ಯಾಕ್ ಕಿತ್ತುಹಾಕಿದ್ದರೆ ಆ ಕೂಟ ಬೆಂಗಳೂರಿಗೆ ಬರುತ್ತಲೇ ಇರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಅಪ್ಪು ಅವರ ಅಂತಿಮ ದರ್ಶನಕ್ಕೆ ನಾಡಿನ ಮೂಲೆಮೂಲೆಯಿಂದ ಜನ ಬಂದದ್ದೂ ಇಲ್ಲಿಗೇ. ಇದನ್ನು ಒಂದು ಆಟಕ್ಕೆ, ಒಂದು ಕ್ಲಬ್‌ಗೆ ಬರೆದುಕೊಡುವುದು ಸರಿಯಲ್ಲ.

ಫುಟ್‌ಬಾಲ್‌ಗೆ ಮನೆ ಬೇಕು, ಒಪ್ಪಿದೆ. ಆ ಮನೆ ಅಶೋಕನಗರದಲ್ಲಿ ಈಗಾಗಲೇ ಇದೆ. ಆಟ ಹತ್ತಿರದಿಂದ ಕಾಣುತ್ತಿತ್ತು ಎಂದು ನನ್ನ ಸ್ನೇಹಿತರೇ ಬರೆದಿದ್ದಾರೆ. ಅಲ್ಲಿ ಟ್ರ್ಯಾಕ್ ಇಲ್ಲ, ಅದು ಫುಟ್‌ಬಾಲ್‌ನದ್ದೇ ಜಾಗ, ರಾಜ್ಯದ ಲೀಗ್ ಪಂದ್ಯಗಳು ನಡೆಯುವುದೂ ಅಲ್ಲೇ. ಸ್ಟ್ಯಾಂಡ್ ಗಟ್ಟಿ ಮಾಡಿ, ನಿಜವಾದ ಹುಲ್ಲು ಹಾಕಿ, ಹೆಂಗಸರಿಗೆ ಒಳ್ಳೆಯ ಶೌಚಾಲಯ ಕಟ್ಟಿಸಿ. ಹತ್ತು ಸಾವಿರ ಜನ ಕೂರುವಷ್ಟಾದರೆ ಸಣ್ಣ ಪಂದ್ಯಗಳೆಲ್ಲ ಅಲ್ಲಿ ನಡೆಯಲಿ. ದೊಡ್ಡ ಪಂದ್ಯಕ್ಕೆ ಕಂಠೀರವಕ್ಕೆ ಬರೋಣ, ಟ್ರ್ಯಾಕ್ ಆಚೆಯಿಂದಲೇ ಕೂಗೋಣ.